ನೆರೆ: ಎರಡು ರೇಫಗಳು ಕೂಡಿ ಆದ ಪದ

‘ನೆರೆರಾಜ್ಯದ ನೆರೆ ಸಂತ್ರಸ್ತರಿಗೆ ನೆರವು.’ ಮಳೆಗಾಲದಲ್ಲಿ ಮುಂಬಯಿಯ ಕನ್ನಡ ಪತ್ರಿಕೆಗಳ ಪುಟ ತಿರುವುವವರಿಗೆ ಇಂಥ ತಲೆಬರಹ ಹೊಸದಲ್ಲ. ಇಲ್ಲಿರುವುದು ನಾಲ್ಕೇ ಮಾತು. ಅದರಲ್ಲಿ ಮೂರು ಒಂದೇ ಸದ್ದಿನಿಂದ ಶುರುವಾಗುತ್ತವೆ. ಮೊದಲನೆಯ ನೆರೆ ಪಕ್ಕದ್ದು, ಎರಡನೆಯದು ಉಕ್ಕಿ ಬಂದ ನೀರು, ಮೂರನೆಯದು ಕೈಚಾಚಿ ಕೊಡುವ ಸಹಾಯ. ಓದುವವರು ಎಲ್ಲೂ ಎಡವುವುದಿಲ್ಲ. ಪಕ್ಕದ ಮನೆಯೂ ಪ್ರವಾಹವೂ ಒಂದೇ ಹೆಸರಿನಲ್ಲಿ ಅಷ್ಟು ನೆಮ್ಮದಿಯಾಗಿ ಬಾಳುತ್ತಿರುವುದು ಹೇಗೆ ಎಂದು ನಿಂತು ಕೇಳುವವರು ನಾವು, ಪದಗಳ ಬೆನ್ನು ಹತ್ತಿದವರು. ಈ ಸಲ ಕೇಳಲು ಇನ್ನೊಂದು ಕಾರಣವೂ ಇದೆ. ಕೋಳಿಯ ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಒಂದಕ್ಕೊಂದು ಸನ್ನೆ ಮಾಡಿಕೊಂಡು, ತಾವು ಸಾಕಷ್ಟು ಆದೆವೆಂದು ತಿಳಿದ ಮೇಲೆ ರೋಗ ತರುವ ಒಂದು ವಿದ್ಯಮಾನವುಂಟು. ಅದಕ್ಕೆ ಕನ್ನಡದಲ್ಲಿ ಹೆಸರು ಹುಡುಕುತ್ತ ಹೋದರೆ ದಾರಿ ಬಂದು ಸೇರುವುದು ಇದೇ ನೆರೆಯ ಬಾಗಿಲಿಗೆ.

ಸದ್ದು ಒಂದಾದರೂ ಹುಟ್ಟು ಒಂದಲ್ಲ. ಹಳಗನ್ನಡದಲ್ಲಿ ಇವು ಎರಡು ಧಾತುಗಳು. ಒಂದು ಸಾಮಾನ್ಯ ರೇಫದ ನೆರೆ: ಕೂಡು, ಸೇರು, ಜೊತೆಯಾಗು, ಗುಂಪಾಗು, ಸ್ತ್ರೀಪುರುಷರ ವಿಷಯದಲ್ಲಿ ಸಂಗಮಿಸು ಎಂಬ ಅರ್ಥಗಳವರೆಗೂ ಕೈ ಚಾಚಿದ್ದು. ಇನ್ನೊಂದು ಶಕಟರೇಫದ ನೆಱೆ. ಶಕಟವೆಂದರೆ ಬಂಡಿ, ಹಿರಿಯರು ಆ ಅಕ್ಷರವನ್ನು ಬಂಡಿ ಱ ಎಂದೇ ಕರೆಯುತ್ತಿದ್ದರು. ಈ ನೆಱೆಯೆಂದರೆ ತುಂಬು, ಪೂರ್ಣವಾಗು, ಬಲಿ, ಪಕ್ವವಾಗು, ಸಮರ್ಥವಾಗು. ಕ್ರಿಯಾವಿಶೇಷಣವಾಗಿ ಬಂದಾಗ ‘ಪೂರ್ತಿಯಾಗಿ, ಚೆನ್ನಾಗಿ’. ತಮಿಳು ಈ ಜೋಡಿಯನ್ನು ಇವತ್ತಿಗೂ ಬೇರೆಬೇರೆಯಾಗಿ ಕಾಯ್ದುಕೊಂಡಿದೆ: ನಿರೈ ಎಂದರೆ ಸಾಲು, ಹಿಂಡು, ದನಗಳ ಮಂದೆ, ನಿಱೈ ಎಂದರೆ ತುಂಬು. ಮಲೆಯಾಳದಲ್ಲೂ ನಿರ ಸಾಲು, ನಿಱ ತುಂಬಿದ್ದು. ತೆಲುಗಿನವರ ನೆರಜಾಣ ತುಂಬುಜಾಣ. ಕನ್ನಡದಲ್ಲಿ ಮಾತ್ರ ಬಂಡಿ ಱ ಮೆಲ್ಲಮೆಲ್ಲನೆ ಬರಹದಿಂದ ಜಾರಿಹೋಗಿ, ಎರಡೂ ಧಾತುಗಳು ಒಂದೇ ರಕಾರದ ಸೂರಿನಡಿ ಬಂದು ಸೇರಿದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇವನ್ನು ಬೇರೆ ನಮೂದುಗಳಾಗಿ ಇಟ್ಟಿದೆ. ಬಾಯಿಮಾತು ಅಷ್ಟು ಹೊತ್ತಿಗೆ ಆ ಗಡಿಯನ್ನು ಮರೆತು ಬಹುಕಾಲವಾಗಿತ್ತು.

ಈ ಮರೆವಿನ ಜಾತ್ರೆಗೆ ಬಂದು ಬೆರೆತ ಇನ್ನೊಂದು ಅಕ್ಷರ ೞ. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಅದರ ಪದಗಳನ್ನು ಪಟ್ಟಿಮಾಡಿ ಕಾಪಿಡಬೇಕಾಯಿತು. ನಮ್ಮ ನೆರಳು ನೋಡಲು ನೆರೆಯ ಬಂಧುವಿನಂತಿದ್ದರೂ ಅಲ್ಲ. ಅದು ನೆೞಲ್‌ನ ಮಗಳು. ನಾವು ಹೊರಟಿರುವ ವಿಷಯಕ್ಕೆ ಬೇಕಾದ ಕೋಳಿಯೂ ಹಳಗನ್ನಡದಲ್ಲಿ ಕೋೞಿ. ಆ ೞಕಾರ ಕನ್ನಡದಲ್ಲಿ ಳಕಾರಕ್ಕೆ ಇಳಿದರೆ ತುಳುವಿನಲ್ಲಿ ರಕಾರಕ್ಕೆ ತಿರುಗಿ ಕೋರಿಯಾಯಿತು. ಆ ಕೋರಿಯೇ ರೊಟ್ಟಿಯ ಜೊತೆ ಕರಾವಳಿಯಿಂದ ಹೊರಟು ಮುಂಬಯಿಯ ಫೋರ್ಟಿನ ಊಟದ ಮೇಜಿಗೆ ಬಂತು. (ಮುಂಬಯಿಯಲ್ಲಿ ಹೊಸದಾಗಿ ಇಳಿದ ಕನ್ನಡಿಗನಿಗೆ ವರ್ಲಿಯ, ಮಾಹಿಮ್‌ನ ಕೋಳಿವಾಡಗಳ ಹೆಸರು ಕೇಳಿ ಕೋಳಿಯ ನೆನಪಾದರೂ, ಅದು ಮೀನುಗಾರ ಸಮುದಾಯದ ಹೆಸರು; ಈ ನಗರದ ಮೂಲನಿವಾಸಿಗಳವರು. ಮರಾಠಿಯಲ್ಲಿ ಕೋಳಿಗೆ ಕೊಂಬಡಿ.)

ಸಾಮಾನ್ಯ ರೇಫದ ನೆರೆಯ ಸಂಸಾರ ದೊಡ್ಡದು. ಜನ ನೆರೆದರು ಎಂದಾಗ ಅದು ಕ್ರಿಯೆ. ನೆರೆದ ಗುಂಪೇ ನೆರವಿ. ಗುಂಪಾಗಿ ಪಕ್ಕದಲ್ಲಿ ನಿಂತವರಿಂದ ಒದಗುವುದು ನೆರವು. ಪಕ್ಕದಲ್ಲಿ ಕೂಡಿಕೊಂಡಿರುವುದು ನೆರೆಮನೆ, ನೆರೆನಾಡು, ನೆರೆಹೊರೆ, ಮತ್ತು ಕರಾವಳಿಯವರ ಬಾಯಲ್ಲಿ ಬಲು ಹಿತವಾಗಿ ಕೇಳುವ ನೆರೆಕರೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಶನ್ 1926ರಲ್ಲಿ ಈ ನಗರದಲ್ಲಿ ಹುಟ್ಟಿದ್ದು ನೆರೆಕರೆಯನ್ನು ಊರಿನಲ್ಲಿ ಬಿಟ್ಟುಬಂದವರು ಇಲ್ಲಿ ಅದನ್ನು ಕಟ್ಟಿಕೊಳ್ಳಬೇಕಾಗಿ ಬಂದುದರಿಂದ. ನೆರೆದದ್ದರಿಂದ ನೆರವು ಹುಟ್ಟುತ್ತದೆ ಎಂಬ ವ್ಯುತ್ಪತ್ತಿಯನ್ನು ಆ ಸಂಘಗಳ ವಿದ್ಯಾರ್ಥಿವೇತನದ ಪಟ್ಟಿಗಳಲ್ಲಿಯೂ ಓದಬಹುದು. ನೆರವಿಯಿಂದ ನೆರವಿಗೆ ಬರಲು ಭಾಷೆಗೆ ಒಂದು ಸ್ವರ ಬದಲಾಗಬೇಕಿತ್ತೇ ಹೊರತು ಮನಸ್ಸಿಗೆ ಯಾವ ಬದಲಾವಣೆಯೂ ಬೇಕಿರಲಿಲ್ಲ.

ಬಂಡಿ ಱದ ಸಂಸಾರ ಇನ್ನೂ ಗಾಢ. ಹುಡುಗಿ ಮೈನೆರೆದಳು ಎನ್ನುತ್ತೇವೆ. ಅಲ್ಲಿ ಜನ ಸೇರಲಿಲ್ಲ, ಮೈ ತುಂಬಿತು, ಪಕ್ವವಾಯಿತು. ಕಾರ್ಯ ನೆರವೇರಿತು ಎನ್ನುತ್ತೇವೆ. ಅದು ನೆರವಿನ ಏರಿಕೆಯಲ್ಲ, ನೆಱವೇಱು, ತಮಿಳಿನ ನಿಱೈವೇಱು, ಪೂರ್ಣತೆಗೆ ಏರುವುದು. ಹಳಗನ್ನಡದಲ್ಲಿ ನೆಱೆಯೆಂ ಎಂದರೆ ‘ನಾನು ಸಮರ್ಥನಲ್ಲ, ನನ್ನಿಂದಾಗದು’. ನದಿ ತುಂಬಿ ದಂಡೆ ಮೀರಿ ಬಂದರೆ ನೆರೆ. ಬಂಟ್ವಾಳದ ಹಿರಿಯರು ವರ್ಷಗಳನ್ನು ಎಣಿಸುತ್ತಿದ್ದುದೇ 1923ರ ನೆರೆ, 1974ರ ನೆರೆ ಎಂದು. ಬಯಲುಸೀಮೆಯವರು ಪ್ರವಾಹವೆಂದೋ ಹೊಳೆ ಬಂತೆಂದೋ ಹೇಳುವಲ್ಲಿ ಕರಾವಳಿ ನೆರೆ ಎಂದಿತು, ಪತ್ರಿಕೆಗಳು ಅದನ್ನು ನಾಡಿಗೆಲ್ಲ ಹಂಚಿದವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದಾಗ ಮುಂಬಯಿಗೂ ಆ ಪದ ಬೇಕಾಯಿತು. ಅದೇ ದಿನ ಕೊಲಾಬದಲ್ಲಿ ಬಿದ್ದದ್ದು 75 ಮಿಲಿಮೀಟರಿಗಿಂತ ಕಡಿಮೆ. ನಗರವೊಂದೇ, ದಿನವೊಂದೇ, ಒಂದು ಕಡೆ ತುಂಬಿತು, ಒಂದು ಕಡೆ ತುಂಬಲಿಲ್ಲ. ತುಂಬಿದ ಕಡೆಯಲ್ಲೇ ಮುಂದಿನ ವಾರಗಳಲ್ಲಿ ಇಲಿಜ್ವರದ ಬ್ಯಾಕ್ಟೀರಿಯಾ ತಲೆಯೆತ್ತಿತು.

ಒಂದು ಮಾತನ್ನು ಇಲ್ಲಿಯೇ ಗಮನಿಸೋಣ, ಮುಂದೆ ಇದು ಬೇಕಾಗುತ್ತದೆ. ಸಭೆಯ ವರದಿ ಬರೆಯುವವರು ‘ಜನ ನೆರೆದರು, ಕಾರ್ಯಕ್ರಮ ನೆರವೇರಿತು’ ಎಂದು ಒಂದೇ ಉಸಿರಿನಲ್ಲಿ ಬರೆಯುತ್ತಾರೆ. ಮೊದಲನೆಯದು ರ, ಎರಡನೆಯದು ಱ. ಮೊದಲು ಕೂಡುವುದು, ಆಮೇಲೆ ಪೂರ್ಣಗೊಳ್ಳುವುದು. ಎರಡರ ನಡುವೆ ಒಂದು ಹೊಸ್ತಿಲಿದೆ. ಎಷ್ಟು ಜನ ಕೂಡಿದರೆ ಕಾರ್ಯ ಆಗಬಹುದು ಎಂಬ ಹೊಸ್ತಿಲು. ಆ ಹೊಸ್ತಿಲಿಗೆ ನಾವು ಬಳಸುತ್ತಿರುವ ಪದ ಲ್ಯಾಟಿನ್ನಿನ ಕೋರಂ.

ಕೋರಂ ತನ್ನ ಊರಿನಲ್ಲಿ ನಾಮಪದವೇ ಅಲ್ಲ, ಒಂದು ಸರ್ವನಾಮದ ಷಷ್ಠೀ ಬಹುವಚನ: ‘ಯಾರಲ್ಲಿ’. ಇಂಗ್ಲೆಂಡಿನಲ್ಲಿ ರಾಜನು ಶಾಂತಿಪಾಲನೆಯ ಜಸ್ಟಿಸ್‌ಗಳನ್ನು ನೇಮಿಸುವ ಸನ್ನದಿನಲ್ಲಿ, ಇಷ್ಟು ಮಂದಿ ಕೂಡಿ ವಿಚಾರಣೆ ನಡೆಸಬಹುದು, ಆದರೆ ಅವರಲ್ಲಿ ಇಂತಿಂಥವರೊಬ್ಬರು ಇರಲೇಬೇಕು ಎಂಬ ಷರತ್ತು ‘ಯಾರಲ್ಲಿ’ ಎಂಬ ಈ ಪದದಿಂದ ಶುರುವಾಗುತ್ತಿತ್ತು. ಹೀಗೆ ವಾಕ್ಯದ ತಲೆಯಲ್ಲಿದ್ದ ಅವ್ಯಯಪ್ರಾಯವಾದ ಮಾತು ಮೊದಲು ಆ ಇರಲೇಬೇಕಾದ ಹಿರಿಯ ಜಸ್ಟಿಸ್‌ಗಳ ಹೆಸರಾಯಿತು. ಅನಂತರ ಅವರ ಹಾಜರಿಯ ಹೆಸರಾಯಿತು. ಕಡೆಗೆ ಯಾವುದೇ ಸಭೆ ನಡೆಯಲು ಬೇಕಾದ ಕನಿಷ್ಠ ಸಂಖ್ಯೆಯಲ್ಲಿ ನೆಲೆ ನಿಂತಿತು. ಷೇಕ್ಸ್‌ಪಿಯರನ ‘ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದ ಮೊದಲ ದೃಶ್ಯದಲ್ಲಿಯೇ ಒಬ್ಬ ಹಳ್ಳಿಯ ಜಸ್ಟಿಸ್‌ನ ಬಿರುದಾಗಿ ಅದು ತಿರುಚಿದ ರೂಪದಲ್ಲಿ ಬರುತ್ತದೆ. ಆ ತಿರುಚು ರೂಪ ನಾವು ಕನ್ನಡದಲ್ಲಿ ಉಚ್ಚರಿಸುವ ಕೋರಂಗೆ ಮೂಲ ಉಚ್ಚಾರಕ್ಕಿಂತಲೂ ಹತ್ತಿರ.

ಮುಂಬಯಿಗೆ ಈ ಪದ ಪುಸ್ತಕದಿಂದ ಬಂದದ್ದಲ್ಲ, ಆಳ್ವಿಕೆಯಾಗಿ ಬಂದದ್ದು. ಈ ನಗರದ ಪೌರಾಡಳಿತ ಬಹುಕಾಲ ಇದ್ದದ್ದೇ ಅಂಥ ಜಸ್ಟಿಸ್‌ಗಳ ಕೈಯಲ್ಲಿ. 1865ರ ಕಾಯ್ದೆ ಅವರ ಕೂಟವನ್ನೇ ಪೌರಸಂಸ್ಥೆಯಾಗಿ ಮಾಡಿತು. ಆಗ ಮೊದಲ ಮುನಿಸಿಪಲ್ ಕಮಿಷನರ್ ಆದವರು ಆರ್ಥರ್ ಕ್ರಾಫರ್ಡ್. 1869ರಲ್ಲಿ ಮುಗಿದ ಮಾರುಕಟ್ಟೆಗೆ ಅವರ ಹೆಸರೇ ಬಂತು. ಇವತ್ತು ಅದು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ. ಹಣ್ಣು, ಮಸಾಲೆಗಳ ಸಾಲುಗಳ ಆಚೆ ಅಲ್ಲಿ ಕೋಳಿ, ಹಕ್ಕಿಗಳ ವಿಭಾಗವೂ ಉಂಟು. 1872ರಲ್ಲಿ 64 ಸದಸ್ಯರ ಕಾರ್ಪೊರೇಶನ್ ಬಂದ ಮೇಲೆ ಕೋರಂ ಜಸ್ಟಿಸ್‌ಗಳನ್ನು ಬಿಟ್ಟು ಸಾಮಾನ್ಯರ ಸಭೆಗಳಿಗೆ ಇಳಿಯಿತು. ಈಗ ಅದು ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ಹೌಸಿಂಗ್ ಸೊಸೈಟಿಗಳ ನೋಟಿಸ್ ಬೋರ್ಡಿನಲ್ಲಿ: ಸದಸ್ಯರ ಮೂರರಲ್ಲಿ ಎರಡು ಭಾಗ ಅಥವಾ 20 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬರದಿದ್ದರೆ ‘ಕೋರಂ ಅಭಾವಿ ಸಭಾ ತಹಕೂಬ್’, ಕೋರಂ ಇಲ್ಲದೆ ಸಭೆ ಮುಂದಕ್ಕೆ. ಮಹಾರಾಷ್ಟ್ರದ 288 ಸದಸ್ಯರ ವಿಧಾನಸಭೆಗೂ ಸಂವಿಧಾನದ 189ನೆಯ ವಿಧಿಯ ಪ್ರಕಾರ 29 ಮಂದಿ ಬೇಕು. ಹಿಂದಿ, ಮರಾಠಿಯವರು ಇದಕ್ಕೆ ಗಣಪೂರ್ತಿ ಎಂಬ ಅಂದದ ಸಂಸ್ಕೃತ ಪದ ಮಾಡಿಕೊಂಡರು. ಕನ್ನಡ ಕೋರಂ ಅನ್ನೇ ಇಟ್ಟುಕೊಂಡಿತು, ವಿಧಾನಸೌಧದಲ್ಲೂ ಕೋರಂ ಬೆಲ್ ಬಾರಿಸಿತು. ಗಣಪೂರ್ತಿಯಲ್ಲಿ ಗಣವೂ ಪೂರ್ತಿಯೂ ಎರಡು ಪದಗಳಾಗಿ ಇವೆ. ಅವೆರಡನ್ನೂ ಒಂದೇ ಪದದಲ್ಲಿ ಹೇಳುವ ನೆರೆ ನಮ್ಮ ಮನೆಯಲ್ಲಿಯೇ ಇತ್ತು.

ಇನ್ನು ಸೂಕ್ಷ್ಮಾಣುಗಳ ಸಭೆಗೆ ಬರೋಣ. 1970ರಲ್ಲಿ ಕೆನೆತ್ ನೀಲ್ಸನ್, ಟೆರಿ ಪ್ಲಾಟ್, ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಎಂಬ ಮೂವರು ಕಡಲಿನ ಬೆಳಗುವ ಬ್ಯಾಕ್ಟೀರಿಯಾ ಒಂದನ್ನು ಬೆಳೆಸುತ್ತ ಒಂದು ಸೋಜಿಗ ಕಂಡರು. ಹೊಸ ದ್ರವದಲ್ಲಿ ವಿರಳವಾಗಿ ಬಿಟ್ಟಾಗ ಅವು ಬೆಳೆಯುತ್ತವೆ, ಬೆಳಗುವುದಿಲ್ಲ. ಸಂಖ್ಯೆ ಒಂದು ಮಟ್ಟ ಮುಟ್ಟಿದ ಕೂಡಲೇ ಬೆಳಕಿನ ಕಿಣ್ವವನ್ನು ಒಟ್ಟಿಗೇ ತಯಾರಿಸತೊಡಗುತ್ತವೆ. ಪ್ರತಿಯೊಂದು ಕೋಶವೂ ಒಂದು ಸಣ್ಣ ಅಣುವನ್ನು ಹೊರಗೆ ಬಿಡುತ್ತಿರುತ್ತದೆ. ಕೋಶಗಳು ವಿರಳವಾಗಿದ್ದರೆ ಅದು ಕರಗಿ ದೂರ ಹೋಗುತ್ತದೆ, ದಟ್ಟವಾದರೆ ಸುತ್ತ ನಿಂತು ಮತ್ತೆ ಕೋಶದೊಳಗೆ ತಾಗಿ ಹೊಸ ಜೀನುಗಳನ್ನು ಎಬ್ಬಿಸುತ್ತದೆ. ಮೊದಲು ಇದಕ್ಕೆ ಕೊಟ್ಟ ಹೆಸರು ಸ್ವಯಂಪ್ರೇರಣೆ. ಅದಕ್ಕೂ ಐದು ವರ್ಷ ಹಿಂದೆ, 1965ರಲ್ಲಿ, ಅಲೆಕ್ಸಾಂಡರ್ ತೋಮಾಸ್ ನ್ಯುಮೋನಿಯಾದ ಬ್ಯಾಕ್ಟೀರಿಯಾಗಳು ಹಾರ್ಮೋನಿನಂಥದೊಂದನ್ನು ಹೊರಬಿಟ್ಟು ಹೊರಗಿನ ಡಿಎನ್‌ಎ ಒಳಗೆಳೆದುಕೊಳ್ಳಲು ಸಮರ್ಥವಾಗುತ್ತವೆ ಎಂದು ತೋರಿಸಿದ್ದರು. ಆ ಕ್ಷೇತ್ರದ ಪರಿಭಾಷೆಯಲ್ಲಿ ಅದು ಸಾಮರ್ಥ್ಯ ಪಡೆಯುವ ಸ್ಥಿತಿ. ಹಳಗನ್ನಡದ ನೆಱೆ ಕಾಪಾಡಿಕೊಂಡ ಅರ್ಥಗಳಲ್ಲಿ ಇದೂ ಒಂದು ಎಂಬುದನ್ನು ಈಗಷ್ಟೇ ಕಂಡೆವು.

1994ರಲ್ಲಿ ಕ್ಲೇ ಫುಕ್ವಾ, ಸ್ಟೀಫನ್ ವಿನಾನ್ಸ್, ಪೀಟರ್ ಗ್ರೀನ್‌ಬರ್ಗ್ ತಮ್ಮ ಒಂದು ವಿಮರ್ಶಾಲೇಖನದಲ್ಲಿ ಈ ವರ್ತನೆಗೆ ಕೋರಂ ಸೆನ್ಸಿಂಗ್ ಎಂದರು. ವಿನಾನ್ಸ್ ತಮ್ಮ ಕೆಲಸವನ್ನು ಮನೆಮಂದಿಗೆ ವಿವರಿಸುತ್ತಿದ್ದಾಗ ವಕೀಲರಾಗಿದ್ದ ಬಂಧುವೊಬ್ಬರ ಬಾಯಿಂದ ಬಂದ ಪದವಿದು ಎಂಬುದು ಆ ಕ್ಷೇತ್ರದಲ್ಲಿ ಪ್ರಸಿದ್ಧ. ಜಸ್ಟಿಸ್‌ಗಳ ಸನ್ನದಿನಿಂದ ಹೊರಟ ಪದ ವಕೀಲರ ಮೂಲಕವೇ ಪ್ರಯೋಗಶಾಲೆ ಹೊಕ್ಕಿತು. ವಿನಾನ್ಸ್ ಅಧ್ಯಯನ ಮಾಡುತ್ತಿದ್ದ ಸಸ್ಯರೋಗದ ಬ್ಯಾಕ್ಟೀರಿಯಾದಲ್ಲಿ ದಟ್ಟಣೆಯ ಸನ್ನೆ ಸಿಕ್ಕಾಗ ಆಗುವುದು ಬೆಳಕಲ್ಲ, ಎರಡು ಕೋಶಗಳು ಕೂಡಿ ಒಂದರ ವಂಶವಾಹಿಯ ತುಣುಕು ಇನ್ನೊಂದಕ್ಕೆ ದಾಟುವುದು. ಸಾಮಾನ್ಯ ರೇಫದ ನೆರೆಗೆ ನಮ್ಮ ಹಳೆಯ ಕವಿಗಳು ಕೊಟ್ಟ ಸಂಗಮದ ಅರ್ಥವೇ ಅಲ್ಲಿಯೂ ನಡೆಯುತ್ತದೆ.

ಸನ್ನೆ ಎಂದೆ, ಸಂಜ್ಞೆಯ ತದ್ಭವವಾದ ಈ ಪುಟ್ಟ ಪದ ಕಣ್ಣಿನದು, ಕೈಯದು, ಮಾತಿಲ್ಲದ್ದು, ಅಣುಗಳ ಮೂಲಕ ನಡೆಯುವ ಮೌನವ್ಯವಹಾರಕ್ಕೆ ಸಂಕೇತಕ್ಕಿಂತ ಹೆಚ್ಚು ಒಪ್ಪುತ್ತದೆ. ಸನ್ನೆಗಳಲ್ಲೂ ಭೇದವುಂಟು. ಕೆಲವು ಒಂದೇ ಜಾತಿಯವರಿಗೆ ತಿಳಿಯುವಂಥವು. ಬಾನಿ ಬ್ಯಾಸ್ಲರ್ ಮತ್ತು ಸಂಗಡಿಗರು 1999ರಲ್ಲಿ ಜೀನು ಗುರುತಿಸಿದ ಎಐ-2 ಎಂಬ ಸನ್ನೆ ಮಾತ್ರ ಬಹು ಜಾತಿಗಳಿಗೆ ಸಾಮಾನ್ಯ. ದಾದರಿನ ಲೋಕಲ್ ಗಾಡಿಯಲ್ಲಿ ಕನ್ನಡಿಗ, ಗುಜರಾತಿ, ಮರಾಠಿಗರೆಲ್ಲ ಆಡುವ ಬಂಬಯ್ಯಾ ಹಿಂದಿಯಂಥದ್ದು ಅದು. ಕೋಳಿಗಳಲ್ಲಿ ಗಾಳಿಚೀಲ, ಹೃದಯದ ಹೊದಿಕೆ, ಯಕೃತ್ತುಗಳನ್ನು ಕೆಡಿಸುವ ಇ. ಕೋಲೈ, ಮರಿಗಳ ಬಿಳಿ ಭೇದಿಗೆ ಕಾರಣವಾದ ಸಾಲ್ಮೊನೆಲ್ಲಾ, ಇವೆರಡೂ ಅದನ್ನು ಬಲ್ಲವು. ಅಷ್ಟೇ ಅಲ್ಲ, ಈ ಎರಡಕ್ಕೂ ಇನ್ನೊಂದು ಬಗೆಯ ಸನ್ನೆಯನ್ನು ಗ್ರಹಿಸುವ ಅಂಗ ಇದ್ದು, ಆ ಸನ್ನೆಯನ್ನು ತಯಾರಿಸುವ ಜೀನು ಮಾತ್ರ ಇಲ್ಲ. ಅಂದರೆ ತಾವು ಆಡದೆ ನೆರೆಮನೆಯ ಮಾತಿಗೆ ಕಿವಿಗೊಟ್ಟು ಕೂತವು.

ಕೋಳಿ ಸಾಕುವವರಿಗೆ ಕರುಳಿನ ಕೊಳೆರೋಗ ಚೆನ್ನಾಗಿ ಪರಿಚಿತ. ವೈದ್ಯರು ಅದನ್ನು ನೆಕ್ರೋಟಿಕ್ ಎಂಟರೈಟಿಸ್ ಎನ್ನುತ್ತಾರೆ. ಬ್ರಾಯ್ಲರ್ ಶೆಡ್ಡಿನಲ್ಲಿ ನಿನ್ನೆ ಮೇವು ತಿನ್ನುತ್ತಿದ್ದ ಹಕ್ಕಿ ಇವತ್ತು ತೂಕಡಿಸುತ್ತದೆ, ಪುಕ್ಕ ಕೆದರಿಕೊಂಡು ಮೂಲೆ ಹಿಡಿಯುತ್ತದೆ, ಹಿಕ್ಕೆ ಬಣ್ಣಗೆಡುತ್ತದೆ. ಸಾಲಾಗಿ ಸಾಯತೊಡಗಿದಾಗ ಕೇಳಿಬರುವ ಮಾತು ‘ಇದ್ದಕ್ಕಿದ್ದಂತೆ ರೋಗ ಬಂತು’. ಆದರೆ ಕಾರಣವಾದ ಕ್ಲಾಸ್ಟ್ರೀಡಿಯಂ ಪರ್‌ಫ್ರಿಂಜೆನ್ಸ್ ಎಲ್ಲಿಂದಲೋ ಬಂದದ್ದಲ್ಲ. ಆರೋಗ್ಯವಂತ ಕೋಳಿಯ ಕರುಳಿನಲ್ಲೂ ಅದು ಕಡಿಮೆ ಸಂಖ್ಯೆಯಲ್ಲಿ ತಣ್ಣಗೆ ಇರುತ್ತದೆ, ಬಾಡಿಗೆ ತಪ್ಪದೆ ಕೊಡುವ ನೆರೆಯವನಾಗಿ. ರಕ್ತಭೇದಿಯ ಪರೋಪಜೀವಿ ಕರುಳಿನ ಗೋಡೆ ಕೆರೆದು ಗಾಯ ಮಾಡಿದರೆ, ಇಲ್ಲವೆ ಮೇವಿನಲ್ಲಿ ಮೀನಿನ ಹುಡಿಯಂಥ ಪ್ರೋಟೀನ್ ಅತಿಯಾದರೆ ಅದಕ್ಕೆ ಹೊಟ್ಟೆತುಂಬ ಆಹಾರ ಸಿಗುತ್ತದೆ, ಸಂತತಿ ಬೆಳೆಯುತ್ತದೆ. ಬೆಳೆಯುತ್ತ ಪ್ರತಿಯೊಂದು ಕೋಶವೂ ಉಂಗುರದಂತೆ ಬಾಗಿದ ಒಂದು ಪುಟ್ಟ ಪೆಪ್ಟೈಡನ್ನು ಹೊರಬಿಡುತ್ತದೆ. ಆ ಸನ್ನೆ ಒಂದು ಮಟ್ಟ ಮುಟ್ಟಿದ ಮೇಲೆ ನೆಟ್‌ಬಿ ಎಂಬ ವಿಷ ತಯಾರಾಗುತ್ತದೆ. ಅದು ಕರುಳಿನ ಕೋಶಗಳ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಆ ವಿಷವನ್ನು 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಗುರುತಿಸಿದರು. ಸನ್ನೆ ಮಾಡುವ ಈ ವ್ಯವಸ್ಥೆಯನ್ನೇ ಕೆಡಿಸಿದ ಬ್ಯಾಕ್ಟೀರಿಯಾ ಕೋಳಿಗಳಲ್ಲಿ ಈ ರೋಗ ತರಲಾರದು ಎಂದು 2017ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದರು.

ಈ ಇಡೀ ಕಥೆಯನ್ನು ನಮ್ಮ ಪದದಲ್ಲಿಟ್ಟು ಓದಿ. ನೆರೆಯಾಗಿದ್ದದ್ದು ನೆರೆಯಿತು, ನೆರೆದು ನೆರವಿಯಾಯಿತು, ನೆರವಿ ಮೈನೆರೆಯಿತು, ಅಂದರೆ ಬಲಿತು ಸಮರ್ಥವಾಯಿತು, ದಂಡೆ ಮೀರಿ ನೆರೆಯಾಗಿ ನುಗ್ಗಿತು, ತನ್ನ ಕಾರ್ಯ ನೆರವೇರಿಸಿತು. ಪಕ್ಕದವನು ಪ್ರವಾಹವಾಗುವ ನಡೆಯಲ್ಲಿ ಒಂದು ಹೆಜ್ಜೆಗೂ ಬೇರೆ ಧಾತು ಹುಡುಕಬೇಕಾಗಿ ಬರಲಿಲ್ಲ. ಎರಡು ರೇಫಗಳು ಬೆರೆತದ್ದನ್ನು ನಷ್ಟವೆಂದೇ ನಾವು ದುಃಖಿಸುವುದುಂಟು. ಇಲ್ಲಿ ಮಾತ್ರ ಆ ಬೆರಕೆಯೇ ಕನ್ನಡಕ್ಕೆ ದಕ್ಕಿದ ಲಾಭವೆಂದು ನನ್ನ ದೃಢವಾದ ನಂಬಿಕೆ.

ಇದು ಬರಿಯ ಸದ್ದಿನ ಮೋಹವಲ್ಲ. ಕೋರಂ ಎಂಬ ಪದವೇ ವಿಜ್ಞಾನಿಗಳನ್ನು ಸ್ವಲ್ಪ ದಾರಿ ತಪ್ಪಿಸಿದೆ. ಕೋರಂ ಎಂದರೆ ಎಣಿಕೆ: 20 ಎಂದರೆ 20, 29 ಎಂದರೆ 29, ಸದಸ್ಯರು ಸಭಾಂಗಣದ ಯಾವ ಮೂಲೆಯಲ್ಲಿ ಕೂತರೂ ಲೆಕ್ಕ ಒಂದೇ. ಬ್ಯಾಕ್ಟೀರಿಯಾ ಹಾಗೆ ತಲೆ ಎಣಿಸುವುದಿಲ್ಲ. 2002ರಲ್ಲಿ ರೋಸ್‌ಮೇರಿ ರೆಡ್‌ಫೀಲ್ಡ್ ಎತ್ತಿದ ಆಕ್ಷೇಪ ಇದೇ: ಸನ್ನೆಯ ಅಣು ಕೋಶದ ಸುತ್ತ ನಿಲ್ಲುವುದು ಕೋಶಗಳು ಬಹಳವಾದಾಗ ಮಾತ್ರವಲ್ಲ, ಜಾಗ ಇಕ್ಕಟ್ಟಾದಾಗಲೂ, ದ್ರವ ಹರಿಯದೆ ನಿಂತಾಗಲೂ, ಹಾಗಾಗಿ ಕೋಶ ಅಳೆಯುತ್ತಿರುವುದು ಜನಸಂಖ್ಯೆಯನ್ನೋ, ತಾನು ಬಿಟ್ಟದ್ದು ತನ್ನ ಬಳಿಯೇ ಉಳಿಯುತ್ತದೆಯೋ ಎಂಬುದನ್ನೋ? ಇಕ್ಕಟ್ಟಿನ ಮಡಿಕೆಯಲ್ಲಿ ಸಿಕ್ಕಿಕೊಂಡ ಕೆಲವೇ ಕೋಶಗಳೂ ಹೊಸ್ತಿಲು ದಾಟಬಹುದು. ಹರಿವ ನೀರಿನಲ್ಲಿ ಕೋಟಿ ಕೋಶಗಳಿದ್ದೂ ದಾಟದಿರಬಹುದು. ಸಾಂತಾಕ್ರೂಜ್ ಮತ್ತು ಕೊಲಾಬಗಳ ವ್ಯತ್ಯಾಸವಿದು. ಕೋರಂ ಹೇಳಲಾಗದ ಇದನ್ನು ನೆರೆ ಸಹಜವಾಗಿ ಹೇಳುತ್ತದೆ, ಏಕೆಂದರೆ ಅದರಲ್ಲಿ ಎಣಿಕೆಯಿಲ್ಲ. ಸಾಮೀಪ್ಯ ಉಂಟು, ತುಂಬುವಿಕೆ ಉಂಟು.

ಹಾಗಾಗಿ ನಾನು ಮುಂದಿಡುವ ಪದ ನೆರೆಯರಿವು. ನೆರೆ ಮತ್ತು ಅರಿವು, ನಡುವೆ ಯಕಾರಾಗಮ. ಅರಿವೂ ಮೂಲದಲ್ಲಿ ಅಱಿವು, ಬಂಡಿ ಱದ ಮನೆತನದ್ದು. ಗಣಸಂವೇದನೆ ಎಂದು ಕಟ್ಟಿದರೆ ತಪ್ಪಲ್ಲ, ಆದರೆ ಅದು ಗುಂಪನ್ನು ಮಾತ್ರ ಹೇಳಿ ಹೊಸ್ತಿಲನ್ನು ಬಿಡುತ್ತದೆ. ಕೋರಂ ಸಂವೇದನೆ ಅರ್ಧ ಲ್ಯಾಟಿನ್, ಅರ್ಧ ಸಂಸ್ಕೃತವಾಗಿ ಎರಡೂ ಕಡೆಯ ಓದುಗರನ್ನು ದೂರವಿಡುತ್ತದೆ. ನೆರೆಯರಿವು ಎಂದಾಗ ನೆರೆಕರೆಯ ಅರಿವು, ನೆರೆದಿರುವ ಅರಿವು, ನೆರೆದು ತುಂಬಿತೆಂಬ ಅರಿವು ಮೂರೂ ಕೂಡುತ್ತವೆ.

ನೆರೆಯಿಂದ ನೆರವು ಹುಟ್ಟುವುದೂ ಆ ಕರುಳಿನಲ್ಲಿಯೇ ಕಾಣುತ್ತದೆ. ಮೊಟ್ಟೆಯೊಡೆದ ಮರಿಯ ಕರುಳು ಹೆಚ್ಚುಕಡಿಮೆ ಖಾಲಿ. ಕೆಲವೇ ದಿನಗಳಲ್ಲಿ ಅದರ ಕುರುಡುಕರುಳಿನ ಗ್ರಾಂ ಒಂದರಲ್ಲಿ ಸಾವಿರ ಕೋಟಿಯ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ನೆರೆಯುತ್ತವೆ. ಯಾರು ಮೊದಲು ಬಂದು ತುಂಬಿದರು ಎಂಬುದರ ಮೇಲೆ ಮರಿಯ ಹಣೆಬರಹ ನಿಂತಿದೆ. 1973ರಲ್ಲಿ ಫಿನ್‌ಲೆಂಡಿನ ನುರ್ಮಿ ಮತ್ತು ರಂತಲ, ಬೆಳೆದ ಆರೋಗ್ಯವಂತ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಮರಿಗಳಿಗೆ ಕುಡಿಸಿದರೆ ಸಾಲ್ಮೊನೆಲ್ಲಾಕ್ಕೆ ನೆಲೆಯೂರಲು ಎಡೆ ಸಿಗುವುದಿಲ್ಲವೆಂದು ತೋರಿಸಿದರು. ತಾಯಿಕೋಳಿಯ ರೆಕ್ಕೆಯಡಿ ಬೆಳೆದ ನಾಟಿ ಮರಿಗೆ ಇದು ಕೆದಕಿದ ನೆಲದಿಂದಲೇ ದೊರೆಯುತ್ತಿತ್ತು. ಯಂತ್ರದಲ್ಲಿ ಒಡೆದ ಮರಿಗೆ ಒಳ್ಳೆಯ ನೆರೆಕರೆಯನ್ನು ಸೀಸೆಯಲ್ಲಿ ಕೊಡಬೇಕಾಯಿತು.

ಹೆಸರು ಸರಿಯಾಗಿ ಬೀಳಬೇಕಾದ ತುರ್ತು ಔಷಧದ ಕಡೆಯಿಂದಲೂ ಇದೆ. ಕೋಳಿರೋಗವೊಂದು ಮನುಷ್ಯರ ವೈದ್ಯವನ್ನೇ ತಿರುಗಿಸಿದ್ದುಂಟು: 1879ರಲ್ಲಿ ಪಾಶ್ಚರ್ ಕೋಳಿಗಳ ಕಾಲರಾದ ಬ್ಯಾಕ್ಟೀರಿಯಾ ಹಳಸಿದಾಗ ದುರ್ಬಲವಾಗಿ ರಕ್ಷಣೆ ಕೊಡುವುದನ್ನು ಕಂಡರು, ಅವರ ಸಂಸ್ಥೆಯಲ್ಲಿ ಪಳಗಿದ ಹಾಫ್‌ಕಿನ್ 1896ರಲ್ಲಿ ಪ್ಲೇಗಿನ ಮುಂಬಯಿಗೆ ಬಂದು 1897ರ ಜನವರಿಯಲ್ಲಿ ತಮ್ಮದೇ ಮೈಮೇಲೆ ಲಸಿಕೆ ಪರೀಕ್ಷಿಸಿಕೊಂಡರು. ಅವರ ಹೆಸರಿನ ಸಂಸ್ಥೆಯೂ, 1886ರಲ್ಲಿ ಶುರುವಾದ ಬಾಂಬೆ ಪಶುವೈದ್ಯಕೀಯ ಕಾಲೇಜೂ ಪರೇಲಿನಲ್ಲಿ ನೆರೆಹೊರೆ. ಅಂದು ಇದ್ದ ದಾರಿ ಲಸಿಕೆಯದು, ಆಮೇಲಿನದು ಆ್ಯಂಟಿಬಯಾಟಿಕ್‌ನದು. ಮೇವಿನಲ್ಲಿ ಬೆರೆಸಿ ಬೆಳವಣಿಗೆಗೆಂದು ಕೊಡುವ ಆ್ಯಂಟಿಬಯಾಟಿಕ್‌ಗಳನ್ನು ಯುರೋಪಿನ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಕೋಳಿ, ಪಶುಗಳಿಗೆ ಬಳಸಕೂಡದೆಂದು ಭಾರತ 2019ರ ಜುಲೈಯಲ್ಲಿ ಆಜ್ಞೆ ಹೊರಡಿಸಿತು. ಕೊಲ್ಲುವ ಮದ್ದು ಬದುಕುಳಿದವನ್ನು ಬಲಿಷ್ಠಗೊಳಿಸುತ್ತದೆ. ಕೊಲ್ಲದೆ ಸನ್ನೆಯನ್ನಷ್ಟೇ ಕೆಡಿಸಿದರೆ ಆ ಒತ್ತಡ ಕಡಿಮೆಯಾದೀತು ಎಂಬುದು ಈಗಿನ ಹುಡುಕಾಟ. ಕೆಲವು ಬ್ಯಾಸಿಲಸ್‌ಗಳಲ್ಲಿರುವ ಒಂದು ಕಿಣ್ವ ಸನ್ನೆಯ ಅಣುವನ್ನೇ ಸೀಳುತ್ತದೆಂದು 2000ದಲ್ಲಿ ಸಿಂಗಪುರದವರು ಕಂಡರು. ದಾಲ್ಚಿನ್ನಿಯ ಸಾರವೂ ಪ್ರಯೋಗಶಾಲೆಯಲ್ಲಿ ಈ ಮಾತುಕತೆಗೆ ಅಡ್ಡಿ ಮಾಡುತ್ತದೆ. ಶೆಡ್ಡಿನ ಕೋಳಿಗಳಿಗೆ ಇದು ದಿನನಿತ್ಯದ ಮದ್ದಾಗಿ ಬರುವ ಮೊದಲು ಇನ್ನೂ ಬಹಳ ಕೆಲಸವಿದೆ. ಬಂದಾಗ ಅದಕ್ಕೊಂದು ಹೆಸರು ಬೇಕು, ನೆರೆಮುರಿ ಎನ್ನೋಣ. ಮುರಿಯೂ ಹಿಂದೆ ಮುಱಿಯೇ.

ಹೆಸರಘಟ್ಟದಲ್ಲಿ, ಆರೆ ಕಾಲೊನಿಯಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಸಂಸ್ಥೆಗಳು ನೆಲೆಯೂರಿದವು, ಬೀದರಿನಿಂದ ಹೆಬ್ಬಾಳದವರೆಗೆ ಪಶುವೈದ್ಯರು ರೈತರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದಾರೆ. ಅವರಲ್ಲಿ ಒಂದು ಬಿನ್ನಹ. ಕರುಳಿನ ಕೊಳೆರೋಗದ ಅಧ್ಯಾಯ ಬರೆಯುವಾಗ ‘ರೋಗ ಬಂತು’ ಎನ್ನದೆ ‘ರೋಗ ನೆರೆಯಿತು’ ಎಂದು ಒಮ್ಮೆ ಬರೆದು ನೋಡಿ. ಬಾಗಿಲು ಕಾಯುವುದರ ಜೊತೆಗೆ ಒಳಗಿನ ದಟ್ಟಣೆ, ಒದ್ದೆ ಹೊಟ್ಟು, ಮೇವಿನ ಪ್ರೋಟೀನು, ರಕ್ತಭೇದಿ ಇವನ್ನು ನೋಡಿಕೊಳ್ಳಬೇಕೆಂಬುದು ರೈತರಿಗೆ ಆ ಒಂದು ಕ್ರಿಯಾಪದದಿಂದಲೇ ತಿಳಿಯುತ್ತದೆ. ಪಕ್ಕದಲ್ಲಿ ಕೋರಂ ಸೆನ್ಸಿಂಗ್ ಎಂಬ ಪರಿಚಿತ ಹೆಸರೂ ಇರಲಿ, ಆದರೆ ನೆರೆಯರಿವು ಮೊದಲು ಬರಲಿ.